ಅಪ್ಪನೊಡನೆ ಮನೆಯಲ್ಲೇ ಕಿಟ್ ವಿಮಾನ: ಕೆಲಸ ಹಂಚಿಕೊಳ್ಳುವುದು ಹೇಗೆ, ಮಾತು ಯಾರದು ನಡೆಯಬೇಕು?

ತಗಡುಹಕ್ಕಿ

ನನ್ನ ತಂದೆಯವರು ಯಂತ್ರಭಾಗಗಳ ಕಾರ್ಖಾನೆಯಲ್ಲಿ 34 ವರ್ಷ ಫಿಟ್ಟರ್ ಆಗಿ ದುಡಿದು ನಿವೃತ್ತರಾದವರು. ಮಗಳಾದ ನಾನು ಖಾಸಗಿ ಪೈಲಟ್ ಪರವಾನಗಿ ಪಡೆದು ಸುಮಾರು 140 ಗಂಟೆ ಹಾರಿದ್ದೇನೆ. ಆದರೆ ಕೈಯಲ್ಲಿ ಉಪಕರಣ ಹಿಡಿದು ಮಾಡಿದ ಕೆಲಸ ಕಡಿಮೆ. ಇಬ್ಬರೂ ಸೇರಿ ಎರಡು ಆಸನಗಳ, ಪೂರ್ತಿ ಅಲ್ಯೂಮಿನಿಯಂ ತಗಡಿನ ಕಿಟ್ ವಿಮಾನವೊಂದನ್ನು, ಅಂದರೆ ಬಿಡಿಭಾಗಗಳನ್ನು ತರಿಸಿ ನಾವೇ ಜೋಡಿಸುವ ವಿಮಾನವನ್ನು, ಮನೆಯ ಗ್ಯಾರೇಜಿನಲ್ಲಿ ಕಟ್ಟಬೇಕೆಂದು ಎರಡು ವರ್ಷ ಬರೀ ಮಾತನಾಡಿ, ಈಗ ಬಾಲದ ಭಾಗದ ಕಿಟ್ಟನ್ನು ತರಿಸಿಕೊಂಡಿದ್ದೇವೆ. ರಂಧ್ರಗಳು ಮೊದಲೇ ಕೊರೆದು ಬಂದಿರುವುದರಿಂದ ತಗಡುಗಳನ್ನು ಒಂದಕ್ಕೊಂದು ಹೊಂದಿಸುವುದು ನಾನು ಹೆದರಿದ್ದಷ್ಟು ಕಷ್ಟವೆನಿಸಲಿಲ್ಲ.

ಕಷ್ಟ ಶುರುವಾದದ್ದು ಅಭ್ಯಾಸಕ್ಕೆಂದು ಕೊಡುವ ಚಿಕ್ಕ ತುಂಡಿನ ಹನ್ನೊಂದನೆಯ ರಿವೆಟ್ಟಿನಲ್ಲಿ, ಅಂದರೆ ತಗಡುಗಳನ್ನು ಸೇರಿಸಿ ಹಿಡಿಯುವ ಮೊಳೆಯಲ್ಲಿ. ನಾನು ರಿವೆಟ್ಟಿನ ತಲೆಗೆ ಏಟು ಕೊಡುವ ರಿವೆಟ್ ಗನ್ ಹಿಡಿದಿದ್ದೆ, ಅಪ್ಪ ಹಿಂದಿನಿಂದ ಬಕಿಂಗ್ ಬಾರ್ ಎಂಬ ಲೋಹದ ತುಂಡನ್ನು ಅದರ ಬಾಲಕ್ಕೆ ಒತ್ತಿ ಹಿಡಿದಿದ್ದರು. ಹೊಡೆದು ತಿರುಗಿಸಿ ನೋಡಿದರೆ ರಿವೆಟ್ಟಿನ ಬಾಲ ಒಂದು ಪಕ್ಕಕ್ಕೆ ತುಸು ವಾಲಿ ಚಪ್ಪಟೆಯಾಗಿತ್ತು. ಕೊರೆದು ತೆಗೆದು ಬೇರೆಯದನ್ನು ಹಾಕೋಣವೆಂದೆ. "ಇಷ್ಟಕ್ಕೆಲ್ಲ ಏನೂ ಆಗೋದಿಲ್ಲ, ಮುಂದಿನದು ನೋಡು" ಎಂದರು ಅಪ್ಪ. ನಾನು ಬಿಡಲಿಲ್ಲ, ಅವರೂ ಬಿಡಲಿಲ್ಲ; ಆ ದಿನದ ಕೆಲಸ ಅಲ್ಲಿಗೇ ನಿಂತಿತು. ಮರುದಿನ ಏನೂ ನಡೆದಿಲ್ಲವೆಂಬಂತೆ ಇಬ್ಬರೂ ಸೇರಿ ಹನ್ನೆರಡನೆಯದನ್ನು ಹೊಡೆದೆವು. ಹನ್ನೊಂದನೆಯದು ಹಾಗೆಯೇ ಉಳಿದಿದೆ.

ಅಭ್ಯಾಸದ ತುಂಡಿಗೇ ಹೀಗಾದರೆ, ಮುಂದಿರುವ ಹತ್ತು ಸಾವಿರಕ್ಕೂ ಮೀರಿದ ರಿವೆಟ್ಟುಗಳ ಗತಿ ಏನೆಂದು ಯೋಚನೆಯಾಗಿದೆ. ಮನೆಯವರೊಡನೆ ವಿಮಾನ ಕಟ್ಟಿದವರು ಕೆಲಸವನ್ನು ಹೇಗೆ ಹಂಚಿಕೊಂಡಿರಿ, ಅಭಿಪ್ರಾಯ ಬೇರೆಯಾದಾಗ ಯಾರ ಮಾತು ನಡೆಯಿತು ಎಂಬುದನ್ನು ದಯವಿಟ್ಟು ತಿಳಿಸಿ. ಅಪ್ಪನ ಕೈ ಇಂದಿಗೂ ನನ್ನ ಕೈಗಿಂತ ಹತ್ತು ಪಟ್ಟು ಪಳಗಿದ್ದು. ಹತ್ತಿರದ ದೃಷ್ಟಿ ಮಾತ್ರ ಮೊದಲಿನಂತಿಲ್ಲ.

ಹಳೆಸುತ್ತಿಗೆ

ನಾನು ಮತ್ತು ನನ್ನ ತಮ್ಮ ಏಳು ವರ್ಷ ತೆಗೆದುಕೊಂಡು ಒಂದನ್ನು ಕಟ್ಟಿ ಹಾರಿಸಿದ್ದೇವೆ. ಆದ್ದರಿಂದ ನಿಮ್ಮ ಹನ್ನೊಂದನೆಯ ರಿವೆಟ್ಟಿನ ಕಥೆ ಓದಿ ನಗುವೂ ಬಂತು, ನಮ್ಮ ಹಳೆಯ ಜಗಳಗಳೂ ನೆನಪಾದವು. ಮೊದಲು ಒಂದು ಪ್ರಶ್ನೆ. ಆ ರಿವೆಟ್ಟನ್ನು ನಿಮ್ಮಿಬ್ಬರಲ್ಲಿ ಯಾರಾದರೂ ಅಳೆದು ನೋಡಿದಿರಾ?

ನಿಮ್ಮ ಪತ್ರದಲ್ಲಿ ನಿಮ್ಮ ಅಭಿಪ್ರಾಯವಿದೆ, ತಂದೆಯವರ ಅಭಿಪ್ರಾಯವಿದೆ, ಅಳತೆ ಇಲ್ಲ. ರಿವೆಟ್ಟಿನ ವಿಷಯದಲ್ಲಿ ಅಭಿಪ್ರಾಯಕ್ಕೆ ಜಾಗ ಬಹಳ ಕಡಿಮೆ. ಹೊಡೆದ ಮೇಲೆ ಹಿಂಬದಿಯಲ್ಲಿ ಮೂಡುವ ತಲೆಯ ಅಗಲ ರಿವೆಟ್ಟಿನ ವ್ಯಾಸದ ಒಂದೂವರೆ ಪಟ್ಟು, ಎತ್ತರ ವ್ಯಾಸದ ಅರ್ಧದಷ್ಟು ಇರಬೇಕು. ನೀವು ಬಾಲದ ಹೊದಿಕೆಗೆ ಬಳಸುವ 3/32 ಇಂಚಿನ ರಿವೆಟ್ಟಿಗೆ ಇದು ಸುಮಾರು 3.6 ಮಿ.ಮೀ. ಅಗಲ, 1.2 ಮಿ.ಮೀ. ಎತ್ತರ, 1/8 ಇಂಚಿನದಕ್ಕೆ ಸುಮಾರು 4.8 ಮತ್ತು 1.6 ಮಿ.ಮೀ. ಇದನ್ನು ನೋಡಲು ತಗಡಿನಲ್ಲಿ ಕತ್ತರಿಸಿದ ಪುಟ್ಟ ಗೇಜ್ ಸಿಗುತ್ತದೆ. ಗೇಜನ್ನು ಇಟ್ಟ ಕ್ಷಣದಲ್ಲಿ ವಾದ ಮುಗಿಯುತ್ತದೆ, ಏಕೆಂದರೆ ಆಗ ನೀವು ನಿಮ್ಮ ತಂದೆಯವರಿಗೆ ಎದುರು ಮಾತನಾಡುತ್ತಿರುವುದಿಲ್ಲ.

ಇನ್ನೊಂದು ವಿಷಯವನ್ನೂ ಹೇಳಬೇಕು, ಇದು ನಿಮಗೆ ಅಷ್ಟಾಗಿ ಹಿಡಿಸದಿರಬಹುದು. ಹೊಸದಾಗಿ ಕಟ್ಟುವವರೆಲ್ಲರಿಗೂ ಸ್ವಲ್ಪ ಸೊಟ್ಟಗಾದ ರಿವೆಟ್ಟನ್ನೆಲ್ಲ ಕೊರೆದು ತೆಗೆಯುವ ಚಟ ಹತ್ತುತ್ತದೆ. ಕೊರೆಯುವಾಗ ಬಿಟ್ ಜಾರಿದರೆ ರಂಧ್ರ ಅಂಡಾಕಾರವಾಗುತ್ತದೆ, ಒಳಗಿನ ರಿಬ್ಬಿನ (ಹೊದಿಕೆಗೆ ಆಕಾರ ಕೊಡುವ ಅಡ್ಡಪಟ್ಟಿಯ) ತೆಳು ತಗಡು ಹರಿಯುತ್ತದೆ. ಆಮೇಲೆ ಅಲ್ಲಿ ದೊಡ್ಡ ರಿವೆಟ್ ಹಾಕಬೇಕಾಗುತ್ತದೆ, ಅದಕ್ಕೆ ಅಂಚಿನಿಂದ ಬೇಕಾದ ಅಂತರ, ಅಂದರೆ ರಂಧ್ರದ ನಡುವಿನಿಂದ ಕನಿಷ್ಠ ವ್ಯಾಸದ ಎರಡರಷ್ಟು, ಸಿಗದೆ ಹೋಗಬಹುದು. ಕೊನೆಗೆ ಚಿಕ್ಕ ತಲೆಯ, ದಪ್ಪ ಕಾಂಡದ ವಿಶೇಷ ರಿವೆಟ್ಟನ್ನು ಹುಡುಕಿಕೊಂಡು ಹೋಗುತ್ತೀರಿ. ಕಟ್ಟುವವರ ಬಾಯಲ್ಲಿ ಅದರ ಹೆಸರೇ 'ಊಪ್ಸ್ ರಿವೆಟ್'. ಅಳತೆಯೊಳಗಿದ್ದು ನೋಡಲಷ್ಟೇ ಚೆನ್ನಾಗಿಲ್ಲದ ರಿವೆಟ್ಟನ್ನು ಮುಟ್ಟದೆ ಬಿಡುವುದು ಎಷ್ಟೋ ಸಲ ಒಳ್ಳೆಯದು. ತಂದೆಯವರ ಮಾತು ಸರಿಯಿದ್ದಿರಬಹುದು. ಆದರೆ ಅವರು ಕೊಟ್ಟ ಕಾರಣ ಸರಿಯಲ್ಲ.

ಇಬ್ಬರ ಕೆಲಸಕ್ಕೆ ಸಂಬಂಧಿಸಿ ನಮ್ಮ ಗ್ಯಾರೇಜಿನ ಮೊದಲ ಕಟ್ಟಳೆ ಇದು: ಬಕಿಂಗ್ ಬಾರ್ ಹಿಡಿದವನು ಯಜಮಾನ, ಗನ್ ಹಿಡಿದವನು ಆಳು. ಬಾರ್ ಸರಿಯಾಗಿ ಕೂತಿದೆಯೋ ಇಲ್ಲವೋ ಎಂಬುದು ಹಿಂದೆ ಇರುವವನಿಗೆ ಮಾತ್ರ ಗೊತ್ತು. ಅವನು "ಇಟ್ಟೆ" ಎನ್ನದೆ ಗನ್ನಿನ ಗುಂಡಿ ಒತ್ತಬಾರದು, ಅವನು "ಸಾಕು" ಎಂದ ಮೇಲೆ ಒಂದು ಏಟೂ ಹೆಚ್ಚು ಬೀಳಬಾರದು. ಕಿವಿಗೆ ರಕ್ಷಕ ಹಾಕಿಕೊಂಡಿದ್ದರೆ ಮಾತು ಕೇಳಿಸುವುದಿಲ್ಲವಾದ್ದರಿಂದ ನಾವು ತಗಡನ್ನು ತಟ್ಟುವ ಸನ್ನೆ ಇಟ್ಟುಕೊಂಡಿದ್ದೆವು. ಒಂದು ತಟ್ಟು ಎಂದರೆ ಹೊಡಿ, ಎರಡು ತಟ್ಟು ಎಂದರೆ ಸರಿಯಾಗಿದೆ, ಮೂರು ತಟ್ಟು ಎಂದರೆ ಈ ಕಡೆ ಬಂದು ನೋಡು. ಮೂರು ತಟ್ಟು ಕೇಳಿದಾಗಲೆಲ್ಲ ನನ್ನ ತಮ್ಮ ಉಪಕರಣವನ್ನು ಕೆಳಗಿಡುತ್ತಿದ್ದ ಶಬ್ದದಿಂದಲೇ ಅವನ ಸಿಟ್ಟಿನ ಮಟ್ಟ ತಿಳಿಯುತ್ತಿತ್ತು.

ಕಾಗದಪತ್ರ

ಕೆಲಸ ಹಂಚಿಕೊಳ್ಳುವ ಮೊದಲು ಹೆಸರು ಯಾರದು ಎಂಬುದನ್ನು ತೀರ್ಮಾನಿಸಿಕೊಳ್ಳಿ. ಅನೇಕ ಮನೆಗಳಲ್ಲಿ ಇದು ಕೊನೆಯಲ್ಲಿ ಎದ್ದು ಮನಸ್ತಾಪಕ್ಕೆ ದಾರಿಯಾಗುತ್ತದೆ. ಪ್ರತಿ ದೇಶದ ನಿಯಮ ಬೇರೆ. ಕಿಟ್ಟಿನ ಮುಂದಿನ ಭಾಗಗಳನ್ನು ತರಿಸುವ ಮುನ್ನ ನಿಮ್ಮ ವಿಮಾನಯಾನ ಪ್ರಾಧಿಕಾರದ ನಿಯಮವನ್ನು ಓದಲೇಬೇಕು. ಹೆಚ್ಚಿನವರು ಮಾತಿಗೆ ತೆಗೆದುಕೊಳ್ಳುವ ಅಮೆರಿಕದ ನಿಯಮವನ್ನೇ ಉದಾಹರಣೆಯಾಗಿ ಹೇಳುತ್ತೇನೆ. ಅಲ್ಲಿ ವಿಮಾನದ ಹೆಚ್ಚಿನ ಭಾಗವನ್ನು, ಆಡುಮಾತಿನಲ್ಲಿ 51 ಶೇಕಡಾವನ್ನು, ತಮ್ಮ ಕಲಿಕೆಗಾಗಿ ಅಥವಾ ಹವ್ಯಾಸಕ್ಕಾಗಿ ಕಟ್ಟುವವರೇ ತಯಾರಿಸಿ ಜೋಡಿಸಿರಬೇಕು. ಮಗಳು ಮತ್ತು ತಂದೆ ಇಬ್ಬರೂ ಹವ್ಯಾಸಕ್ಕಾಗಿ ಕಟ್ಟುತ್ತಿದ್ದರೆ ಇಬ್ಬರ ಕೆಲಸವೂ ಲೆಕ್ಕಕ್ಕೆ ಬರುತ್ತದೆ. ಹಣ ಕೊಟ್ಟು ಮಾಡಿಸಿದ ಕೆಲಸ ಆ ಲೆಕ್ಕಕ್ಕೆ ಬರುವುದಿಲ್ಲ.

ಇದರಲ್ಲೊಂದು ಸೂಕ್ಷ್ಮವಿದೆ. ವಿಮಾನ ಪೂರ್ಣವಾದ ಮೇಲೆ ಪ್ರತಿವರ್ಷದ ತಪಾಸಣೆಯನ್ನು ಸ್ವತಃ ಮಾಡಿ ಸಹಿ ಹಾಕಲು ಅಲ್ಲಿ ಕೊಡುವ ರಿಪೇರ್‌ಮನ್ ಪ್ರಮಾಣಪತ್ರ ಒಂದು ವಿಮಾನಕ್ಕೆ ಒಬ್ಬರಿಗೆ ಮಾತ್ರ ಸಿಗುತ್ತದೆ. ಕಟ್ಟಿದವರು ಇಬ್ಬರಾದರೂ ಮುಖ್ಯ ನಿರ್ಮಾತೃ ಒಬ್ಬರೇ. ಆದ್ದರಿಂದ ಯಾವ ದಿನ ಯಾರು ಯಾವ ಕೆಲಸ ಮಾಡಿದರು ಎಂಬುದನ್ನು ದಿನಾಂಕ ಹಾಕಿ, ಫೋಟೋ ಸಮೇತ ಬರೆದಿಡಿ. ಫೋಟೋದಲ್ಲಿ ಬರೀ ತಗಡು ಕಂಡರೆ ಸಾಲದು. ತಗಡಿನ ಪಕ್ಕದಲ್ಲಿ ನೀವೂ ಕಾಣಬೇಕು.

ತಗಡುಹಕ್ಕಿ

ಹಳೆಸುತ್ತಿಗೆಯವರೇ, ಗೇಜ್ ತರಿಸಿ ನಿನ್ನೆ ಇಬ್ಬರೂ ಕೂತು ಅಳೆದೆವು. ಹನ್ನೊಂದನೆಯದು ಅಳತೆಯೊಳಗೆ ಬಂತು. ನಾನು ಬಹಳ ಅಂದವಾಗಿವೆ ಎಂದುಕೊಂಡಿದ್ದ ನಾಲ್ಕು, ಐದು ಮತ್ತು ಒಂಬತ್ತನೆಯವು ಬರಲಿಲ್ಲ. ಹೆಚ್ಚು ಹೊತ್ತು ಹೊಡೆದು ನಾಣ್ಯದಂತೆ ಚಪ್ಪಟೆ ಮಾಡಿಬಿಟ್ಟಿದ್ದೆ. ಅಪ್ಪ ಏನೂ ಹೇಳಲಿಲ್ಲ. ಗೇಜನ್ನು ಒರೆಸಿ ತಮ್ಮ ಜೇಬಿಗೆ ಹಾಕಿಕೊಂಡರು, ಅಷ್ಟೆ.

ಈಗ ಇನ್ನೊಂದು ಸಮಸ್ಯೆ. ಗುರುತು ಮಾಡುವುದೆಂದರೆ ಅವರ ಕೈ ತಾನಾಗಿಯೇ ಉಕ್ಕಿನ ಗೀರುಕಡ್ಡಿಯತ್ತ ಹೋಗುತ್ತದೆ. ಸ್ಪಾರಿನ, ಅಂದರೆ ಉದ್ದಕ್ಕೂ ಭಾರ ಹೊರುವ ತೊಲೆಯ, ಮೇಲೆ ರಿಬ್ಬಿನ ನಡುಗೆರೆಯನ್ನು ಕೂದಲೆಳೆಯಷ್ಟು ನೇರವಾಗಿ ಗೀಚಿದ್ದಾರೆ. ಗೀಚಬಾರದೆಂದು ಕೈಪಿಡಿಯಲ್ಲಿ ಓದಿದ ನೆನಪು ನನಗಿದೆ. ಏಕೆ ಎಂದು ಅವರು ಕೇಳಿದಾಗ ಉತ್ತರ ಹೊಳೆಯಲಿಲ್ಲ.

ಹಳೆಸುತ್ತಿಗೆ

ಗೀರುಕಡ್ಡಿಯನ್ನು ಇಂದೇ ಗ್ಯಾರೇಜಿನಿಂದ ಆಚೆ ಇಡಿ. ಕಾರಣವನ್ನು ತಂದೆಯವರಿಗೆ ಫಿಟ್ಟರನ ಮಾತಿನಲ್ಲೇ ಹೇಳಬಹುದು. ನಿಮ್ಮ ಹೊದಿಕೆಯ ತಗಡು 2024-ಟಿ3 ಎಂಬ ಮಿಶ್ರಲೋಹ. ತಾಮ್ರ ಬೆರೆತಿರುವುದರಿಂದ ಬಲ ಹೆಚ್ಚು, ಆದರೆ ತುಕ್ಕಿಗೆ ಬೇಗ ಬಲಿಯಾಗುತ್ತದೆ. ಅದಕ್ಕಾಗಿ ಎರಡೂ ಬದಿಗೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ ಬೆಸೆದಿರುತ್ತಾರೆ. ಇದನ್ನೇ ಆಲ್‌ಕ್ಲಾಡ್ ಎನ್ನುವುದು. 0.8 ಮಿ.ಮೀ. ದಪ್ಪದ ತಗಡಿನಲ್ಲಿ ಆ ಪದರದ ದಪ್ಪ ಸುಮಾರು 0.04 ಮಿ.ಮೀ. ಮಾತ್ರ. ಗೀರುಕಡ್ಡಿ ಅದನ್ನು ಸೀಳಿಬಿಡುತ್ತದೆ. ಅದಕ್ಕಿಂತ ಮುಖ್ಯವಾದದ್ದೆಂದರೆ, ಪ್ರತಿ ಹಾರಾಟದಲ್ಲೂ ಸಾವಿರಾರು ಸಲ ಅದುರಿ ಬಾಗುವ ತಗಡಿನಲ್ಲಿ ಚೂಪಾದ ಗೀರು ಇದ್ದಲ್ಲಿ ಒತ್ತಡ ಕೂಡಿಕೊಂಡು, ಬಿರುಕು ಅಲ್ಲಿಂದಲೇ ಹೊರಡುತ್ತದೆ. ಗಾಜು ಕತ್ತರಿಸುವವನು ಮೊದಲು ಗೀರು ಎಳೆಯುವುದು ಯಾಕೆ ಎಂದು ಅವರನ್ನೇ ಕೇಳಿ. ಗುರುತಿಗೆ ಸಣ್ಣ ಮೊನೆಯ ಮಾರ್ಕರ್ ಬಳಸಿ. ಸೀಸದ ಕಡ್ಡಿಯೂ ಬೇಡ. ಅದರ ಗ್ರಾಫೈಟ್ ತಾಗಿದಲ್ಲಿ ಅಲ್ಯೂಮಿನಿಯಂಗೆ ತುಕ್ಕು ಹಿಡಿಯುತ್ತದೆ. ಈಗಾಗಲೇ ಬಿದ್ದಿರುವ ಗೀರನ್ನು ಉಗುರಿಗೆ ತಾಕದಂತೆ ನಯವಾಗಿ ಉಜ್ಜಿ, ಪ್ರೈಮರ್ ಹಚ್ಚುವ ಮುನ್ನ ಕಿಟ್ ತಯಾರಕರಿಗೆ ಫೋಟೋ ಕಳಿಸಿ ಕೇಳಿ, ಸ್ಪಾರ್ ಎಂದ ಮೇಲೆ ಊಹೆಯಲ್ಲಿ ಮುಂದುವರಿಯಬೇಡಿ.

ಅನುಭವಿ ಫಿಟ್ಟರುಗಳಲ್ಲಿ ನಾನು ಕಂಡ ಇನ್ನೊಂದು ಅಭ್ಯಾಸ, ಕೈಯಂದಾಜಿನ ಬಿಗಿ. ವಿಮಾನದಲ್ಲಿ ಎಲ್ಲೆಂದರಲ್ಲಿ ಬರುವ 3/16 ಇಂಚಿನ ಎಎನ್3 ಬೋಲ್ಟಿನ ನಟ್ಟಿಗೆ ಬೇಕಾದ ಬಿಗಿ 20ರಿಂದ 25 ಇಂಚು-ಪೌಂಡ್. ನೈಲಾನ್ ನಟ್ ಆದರೆ ಅದು ತಿರುಗಲು ತೆಗೆದುಕೊಳ್ಳುವ ಬಲವನ್ನು ಅದಕ್ಕೆ ಕೂಡಿಸಬೇಕು. ಲೇತ್ ಬಿಗಿದು ಪಳಗಿದ ಕೈಗೆ ಇದು ಬಿಗಿಯೇ ಅಲ್ಲ ಎನಿಸುತ್ತದೆ. ಮತ್ತೊಂದು ಅಭ್ಯಾಸ, ದಪ್ಪವಿದ್ದರೆ ಗಟ್ಟಿ ಎಂಬ ನಂಬಿಕೆ. "ಈ ಬ್ರ್ಯಾಕೆಟ್ ತೆಳ್ಳಗಿದೆ, ನಾನೇ ಒಂದು ಮಾಡಿ ಕೊಡ್ತೀನಿ" ಎಂಬ ಮಾತು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಬಾಲದ ತುದಿಯಲ್ಲಿ ಹೆಚ್ಚಿಸಿದ ಪ್ರತಿ ನೂರು ಗ್ರಾಮು ವಿಮಾನದ ಗುರುತ್ವಕೇಂದ್ರವನ್ನು ಹಿಂದಕ್ಕೆಳೆಯುತ್ತದೆ. ಅದನ್ನು ಸರಿದೂಗಿಸಲು ಮೂಗಿನಲ್ಲಿ ಎಷ್ಟು ಸೇರಿಸಬೇಕೆಂದು ಲೆಕ್ಕ ಹಾಕಿ ತೋರಿಸಿದರೆ ಅಂಥವರು ಬೇಗ ಒಪ್ಪುತ್ತಾರೆ. ಅವರಿಗೆ ಬೇಕಾಗಿರುವುದು ಕಾರಣ. ಬರೀ "ಕೈಪಿಡಿಯಲ್ಲಿ ಹೀಗಿದೆ" ಎಂದರೆ ಯಾವ ಅನುಭವಿಯೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಎರಡುಕೈಚೀಲ

ನಾನು ನನ್ನ ಪತಿಯೊಡನೆ ಕಟ್ಟುತ್ತಿದ್ದೇನೆ. ಎರಡು ರೆಕ್ಕೆಗಳು ಮುಗಿದಿವೆ, ಒಡಲು ನಡೆಯುತ್ತಿದೆ. ತಂದೆಯವರ ದೃಷ್ಟಿಯ ಬಗ್ಗೆ ನೀವು ಬರೆದದ್ದಕ್ಕೆ ನನ್ನ ಅನುಭವ ಹೇಳುತ್ತೇನೆ. ನನ್ನ ಪತಿಗೂ ಹತ್ತಿರದ್ದು ಕಾಣದು. ಆದರೆ ಹೊದಿಕೆಯ ಮೇಲೆ ಸಮತಟ್ಟಾಗಿ ಕೂರಬೇಕಾದ 100 ಡಿಗ್ರಿ ತಲೆಯ ರಿವೆಟ್ ಒಂದು ಎಳೆಯಷ್ಟು ಮೇಲೆದ್ದಿದ್ದರೂ ಅವರು ಕಣ್ಣು ಮುಚ್ಚಿ ಬೆರಳಾಡಿಸಿ ಹೇಳಿಬಿಡುತ್ತಾರೆ. ರಂಧ್ರದ ಅಂಚಿನ ಮುಳ್ಳು ಹೋಗಿದೆಯೋ ಇಲ್ಲವೋ ಎಂಬುದನ್ನೂ ನಾನು ಅವರ ಬೆರಳಿಗೇ ಬಿಟ್ಟಿದ್ದೇನೆ. ಬೆಳಕು ಮಾತ್ರ ಧಾರಾಳವಾಗಿರಲಿ. ದೀಪವನ್ನು ತಗಡಿಗೆ ಓರೆಯಾಗಿ ಇಟ್ಟರೆ ಮೇಲಿನಿಂದ ಕಾಣದ ತಗ್ಗೆಲ್ಲ ನೆರಳಾಗಿ ಕಾಣುತ್ತದೆ.

ನಿಮ್ಮ ಸಂಬಂಧಕ್ಕೆ ನಿಜವಾದ ಪರೀಕ್ಷೆ ಇಂಧನದ ಟ್ಯಾಂಕು. ರೆಕ್ಕೆಯ ಮುಂಗಡೆಯ ತಗಡೇ ಟ್ಯಾಂಕಾಗುವ ವಿನ್ಯಾಸ ನಿಮ್ಮದಾಗಿದ್ದರೆ, ಪ್ರತಿ ರಿವೆಟ್ಟನ್ನೂ ಎರಡು ಭಾಗ ಬೆರೆಸುವ ಪಾಲಿಸಲ್ಫೈಡ್ ಸೀಲೆಂಟಿನಲ್ಲಿ ಅದ್ದಿ ಹಾಕಬೇಕು. ಅದು ಕಪ್ಪು, ಅಂಟು, ಗಂಧಕದ ನಾತ. ಬೆರೆಸಿದ ಕ್ಷಣದಿಂದ ಗಡಿಯಾರ ಓಡುತ್ತದೆ. ಸೆಖೆ ಹೆಚ್ಚಿದಷ್ಟೂ ಬೇಗ ಗಟ್ಟಿಯಾಗುತ್ತದೆ. ಮೊದಲ ದಿನ ನನ್ನ ಜಡೆಗೆ ಅಂಟಿದ್ದನ್ನು ಬಿಡಿಸಲಾಗದೆ ಕೊನೆಗೆ ಕತ್ತರಿಸಿದೆ. ಅವರು ಬೆರೆಸಿ ಕೊಡುವುದು, ನಾನು ಹಚ್ಚುವುದು, ಆಮೇಲೆ ಇಬ್ಬರೂ ಹೊಡೆಯುವುದು ಎಂದು ಮೊದಲೇ ಗೊತ್ತುಮಾಡಿಕೊಂಡ ದಿನ ಕೆಲಸ ಹೂವೆತ್ತಿದಷ್ಟು ಸುಲಭವಾಯಿತು; ಗೊತ್ತುಮಾಡಿಕೊಳ್ಳದ ದಿನ ಅರ್ಧ ಡಬ್ಬಿ ಸೀಲೆಂಟ್ ಕಲ್ಲಾಯಿತು.

ಸೋರಿಕೆ ನೋಡುವಾಗ ಒಂದು ಎಚ್ಚರಿಕೆ. ಟ್ಯಾಂಕಿನ ಗಾಳಿಯ ಕೊಳವೆಗೆ ಬಲೂನು ಕಟ್ಟಿ, ಅದು ಅರೆಬರೆ ಉಬ್ಬುವಷ್ಟು ಮಾತ್ರ ಗಾಳಿ ತುಂಬಿ, ರಿವೆಟ್ಟುಗಳ ಮೇಲೆ ಸಾಬೂನಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುವುದು ರೂಢಿ. ನನ್ನ ಪತಿ ಬಲೂನನ್ನು ಮಕ್ಕಳಾಟವೆಂದು ಹೀಗಳೆದು ಕಂಪ್ರೆಸರ್ ಹಚ್ಚಲು ಹೊರಟಿದ್ದರು. 20 ಇಂಚು ಉದ್ದ, 25 ಇಂಚು ಅಗಲದ ತಗಡಿನ ಮೇಲೆ ಚದರ ಇಂಚಿಗೆ ಒಂದೇ ಒಂದು ಪೌಂಡ್ ಒತ್ತಡ ಹಾಕಿದರೂ ಒಟ್ಟು ಬಲ 500 ಪೌಂಡ್, ಅಂದರೆ ಸುಮಾರು 227 ಕಿಲೋ. ಬಲೂನು ಇರುವುದು ಒತ್ತಡ ಅಷ್ಟಕ್ಕೆ ಏರದಂತೆ ತಡೆಯಲಿಕ್ಕೆ. ರಾತ್ರಿ ತಂಪಾದಾಗ ಬಲೂನು ಸೊರಗಿದರೆ ಟ್ಯಾಂಕ್ ಸೋರಿತೆಂದು ಗಾಬರಿಯಾಗಬೇಡಿ. ಬೆಳಗ್ಗೆ ಬಿಸಿಲೇರಿದ ಮೇಲೆ ಮತ್ತೆ ನೋಡಿ.

ಅರ್ಧರೆಕ್ಕೆ

ನನ್ನದು ಮುಗಿಯದ ಕಥೆ. ನಾನು ಮತ್ತು ನಮ್ಮ ತಂದೆಯವರು ಶುರುಮಾಡಿದೆವು. ಐದನೆಯ ವರ್ಷ ಅವರ ಕೈ ನಡುಗತೊಡಗಿತು, ಆರನೆಯ ವರ್ಷ ಅವರು ಹೋದರು. ಎರಡು ವರ್ಷ ನಾನು ಆ ಕೋಣೆಯ ಬಾಗಿಲು ತೆಗೆಯಲಿಲ್ಲ. ತೆಗೆದಾಗ ಗೊತ್ತಾದದ್ದು, ನಮ್ಮಲ್ಲಿ ಮಾಡಿದ ಕೆಲಸ ಬರೆದಿಟ್ಟ ಪುಸ್ತಕವೇ ಇಲ್ಲ. ಯಾವ ಬೋಲ್ಟಿಗೆ ಟಾರ್ಕ್ (ಅಳತೆಯ ಬಿಗಿ) ಹಾಕಿದೆ, ಯಾವುದನ್ನು ಸುಮ್ಮನೆ ಬೆರಳಲ್ಲಿ ತಿರುಗಿಸಿ ಬಿಟ್ಟಿದೆ ಎಂಬುದೆಲ್ಲ ಅವರ ತಲೆಯಲ್ಲಿತ್ತು.

ಕೆಲವು ನಟ್ಟುಗಳ ಮೇಲೆ ಕಿತ್ತಳೆ ಬಣ್ಣದ ಟಾರ್ಕ್ ಸೀಲ್ ಗೆರೆ ಇತ್ತು. ಬಿಗಿ ಮಾಡಿ ನೋಡಿದ್ದಾಗಿದೆ ಎಂಬುದಕ್ಕೆ ನಟ್ಟಿನಿಂದ ತಗಡಿನವರೆಗೆ ಎಳೆಯುವ ಗೆರೆ ಅದು. ಐಲೆರಾನಿನ (ರೆಕ್ಕೆಯ ಹಿಂಬದಿಯ ಚಲಿಸುವ ಪಟ್ಟಿಯ) ಬೆಲ್‌ಕ್ರ್ಯಾಂಕಿನ ನಾಲ್ಕು ನಟ್ಟುಗಳಲ್ಲಿ ಮೂರಕ್ಕೆ ಗೆರೆಯಿತ್ತು, ಒಂದಕ್ಕೆ ಇರಲಿಲ್ಲ. ಮರೆತದ್ದು ಗೆರೆಯನ್ನೋ ಬಿಗಿಯನ್ನೋ ಎಂದು ಕೇಳಲು ಅವರಿಲ್ಲ. ಕೊನೆಗೆ ರೆಕ್ಕೆಯಲ್ಲಿದ್ದ ಪ್ರತಿ ನಟ್ಟನ್ನೂ ಬಿಚ್ಚಿ, ಹೊಸ ನಟ್ ಹಾಕಿ, ಮತ್ತೆ ಬಿಗಿದೆ. ಆ ಒಂದನ್ನು ಬಿಚ್ಚುವಾಗ ಅದು ಸರಿಯಾಗಿಯೇ ಬಿಗಿಯಾಗಿತ್ತು ಎಂದು ತಿಳಿಯಿತು.

ಕಾಗದಪತ್ರದವರು ಹೇಳಿದ ಪುಸ್ತಕವನ್ನು ಪ್ರಾಧಿಕಾರಕ್ಕಾಗಿ ಬರೆಯಬೇಡಿ, ಒಬ್ಬರಿಗೊಬ್ಬರು ಬರೆಯಿರಿ.

ನೇರಗೆರೆ

ಇಲ್ಲಿಯವರೆಗಿನ ಮಾತೆಲ್ಲ ಒಪ್ಪುವಂಥದ್ದೇ. ಆದರೆ ಎಲ್ಲರೂ ಒಂದು ಊಹೆಯ ಮೇಲೆ ನಿಂತಿದ್ದೀರಿ: ಮನೆಯವರಿಬ್ಬರು ಒಬ್ಬರ ಕೆಲಸವನ್ನು ಒಬ್ಬರು ನೋಡಿಕೊಂಡರೆ ಸಾಕು ಎಂಬ ಊಹೆ. ನನಗೆ ಇದು ಸಾಲದೆನಿಸುತ್ತದೆ. ಒಂದೇ ನಕಾಶೆಯನ್ನು ಒಟ್ಟಿಗೆ ಕೂತು ಓದಿದ ಇಬ್ಬರು ಅದನ್ನು ತಪ್ಪಾಗಿ ಓದಿದ್ದರೆ ಇಬ್ಬರೂ ಒಂದೇ ತಪ್ಪನ್ನು ಓದಿರುತ್ತಾರೆ. ಅದರ ಮೇಲೆ, ಮಗಳು ತಂದೆಯ ಕೆಲಸವನ್ನು ತಪಾಸಣೆ ಮಾಡುವುದೆಂದರೆ ಬಹುಮಟ್ಟಿಗೆ ನೋಡಿದಂತೆ ಮಾಡುವುದು.

1953ರಲ್ಲಿ ಪಾಲ್ ಪೊಬೆರೆಜ್ನಿ ಅವರು ಅಮೆರಿಕದ ಮಿಲ್ವಾಕಿಯಲ್ಲಿ ಕಟ್ಟಿದ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಸಂಸ್ಥೆಯಲ್ಲಿ ಟೆಕ್ನಿಕಲ್ ಕೌನ್ಸೆಲರ್ ಎಂಬ ಸ್ವಯಂಸೇವಕರಿದ್ದಾರೆ. ತಾವೇ ಕಟ್ಟಿ ಅನುಭವವಿರುವ ಅವರು ಗ್ಯಾರೇಜಿಗೆ ಬಂದು ಕೆಲಸ ನೋಡಿ ಹೇಳುತ್ತಾರೆ. ಅಂಥವರು ನಿಮಗೆ ಸಿಗದಿದ್ದರೂ, ವಿಮಾನಗಳ ತಗಡಿನ ಕೆಲಸ ಬಲ್ಲ ಹೊರಗಿನವರೊಬ್ಬರು, ಒಳಭಾಗ ಕಾಣದಂತೆ ಹೊದಿಕೆ ಮುಚ್ಚುವ ಪ್ರತಿ ಹಂತಕ್ಕೂ ಮುನ್ನ, ಬಂದು ನೋಡಲೇಬೇಕು. ಮುಚ್ಚಿದ ಮೇಲೆ ನೋಡಿ ಪ್ರಯೋಜನವಿಲ್ಲ.

ನಕಾಶೆ ಬಿಟ್ಟು ಹೋಗುವುದರ ಬಗ್ಗೆಯೂ ಒಂದು ಮಾತು. 1997ರ ಅಕ್ಟೋಬರಿನಲ್ಲಿ ಗಾಯಕ ಜಾನ್ ಡೆನ್ವರ್ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಸತ್ತದ್ದು ಬರ್ಟ್ ರೂಟನ್ ವಿನ್ಯಾಸದ ಲಾಂಗ್-ಈಜ಼ೀ ಎಂಬ ಮನೆಗಟ್ಟಿನ ವಿಮಾನದಲ್ಲಿ. ಆ ವಿಮಾನವನ್ನು ಕಟ್ಟಿದವರು ಬೇರೆ, ಡೆನ್ವರ್ ಕೊಂಡವರು. ಕಟ್ಟುವಾಗ ಇಂಧನದ ಕವಾಟದ ಹಿಡಿಯನ್ನು ನಕಾಶೆಯಲ್ಲಿದ್ದ ಜಾಗದಿಂದ ತೆಗೆದು ಪೈಲಟ್ಟಿನ ಎಡಭುಜದ ಹಿಂದೆ ಇಟ್ಟಿದ್ದರು. ಹಾರಾಟದಲ್ಲಿ ಅದನ್ನು ತಿರುಗಿಸಲು ಮೈ ಹೊರಳಿಸಿದಾಗ ಬಲಗಾಲು ರಡ್ಡರಿನ (ಬಾಲದ ಚುಕ್ಕಾಣಿಯ) ಪೆಡಲನ್ನು ಒತ್ತಿ ವಿಮಾನ ಹತೋಟಿ ತಪ್ಪಿತು ಎಂಬುದು ತನಿಖೆಯ ತೀರ್ಮಾನ. ಹಿಡಿಯ ಮೇಲೆ ಗುರುತೂ ಇರಲಿಲ್ಲ. ಜಾಗ ಬದಲಿಸಿದವರಿಗೂ ಅವರದೇ ಆದ ಕಾರಣ ಇದ್ದೇ ಇರುತ್ತದೆ; ಗ್ಯಾರೇಜಿನಲ್ಲಿ ನಿಂತು ನೋಡಿದರೆ ಎಲ್ಲ ಬದಲಾವಣೆಯೂ ಒಳ್ಳೆಯದಾಗಿಯೇ ಕಾಣುತ್ತದೆ.

ಹಳೆಸುತ್ತಿಗೆ

ನೇರಗೆರೆಯವರ ಮಾತಿನ ಮೊದಲ ಭಾಗವನ್ನು ಪೂರ್ತಿ ಒಪ್ಪುತ್ತೇನೆ, ಎರಡನೆಯದನ್ನು ಅರ್ಧ. ಹೊರಗಿನವರು ವರ್ಷಕ್ಕೆ ಎರಡೋ ಮೂರೋ ಸಲ ಬರುತ್ತಾರೆ. ಸಾಮಾನ್ಯ ಕಿಟ್ಟಿನಿಂದ ಕಟ್ಟುವ ಎರಡು ಆಸನದ ತಗಡಿನ ವಿಮಾನಕ್ಕೆ ಒಂದೂವರೆ ಎರಡು ಸಾವಿರ ಗಂಟೆ ಹಿಡಿಯುತ್ತದೆ. ಉಳಿದ ಅಷ್ಟೂ ಹೊತ್ತು ಗ್ಯಾರೇಜಿನಲ್ಲಿ ಇರುವುದು ಇಬ್ಬರೇ. ಆದ್ದರಿಂದ ಮನೆಯೊಳಗಿನ ತಪಾಸಣೆ ನೋಡಿದಂತೆ ಮಾಡುವುದಾಗದಿರಲು ದಾರಿ ಹುಡುಕಬೇಕೇ ಹೊರತು, ಅದನ್ನು ಕೈಬಿಡಲಾಗದು.

ನಾವು ಕಂಡುಕೊಂಡ ದಾರಿ ಹೀಗಿತ್ತು. ಕೆಲಸ ಮಾಡಿದವನು ಅದಕ್ಕೆ ಸಹಿ ಹಾಕುವಂತಿಲ್ಲ. ಇನ್ನೊಬ್ಬನು, ಆ ದಿನವಲ್ಲ, ಮರುದಿನ, ಒಬ್ಬನೇ ನಕಾಶೆ ಹಿಡಿದು, ಮಾಡಿದವನು ಪಕ್ಕದಲ್ಲಿಲ್ಲದಾಗ ನೋಡಬೇಕು. ತಪ್ಪು ಕಂಡರೆ ಬಾಯಲ್ಲಿ ಹೇಳಬಾರದು. ಮಾರ್ಕರಿನಲ್ಲಿ ಅದರ ಸುತ್ತ ಒಂದು ಸುತ್ತು ಹಾಕಿ, ಪುಸ್ತಕದಲ್ಲಿ ಅಳತೆ ಬರೆದು ಹೋಗಬೇಕು. ಮುಖಾಮುಖಿ ಹೇಳಿದರೆ ಅದು ಅಣ್ಣ ತಮ್ಮನಿಗೆ ಹೇಳಿದ ಮಾತಾಗುತ್ತದೆ, ನಮ್ಮಲ್ಲಿ ಅಂಥ ಮಾತುಗಳ ಹಳೆಯ ಬಾಕಿ ಬಹಳವಿತ್ತು. ತಗಡಿನ ಮೇಲೆ ಹಾಕಿದ ಸುತ್ತುಗೆರೆಗೆ ಆ ಭಾರವಿಲ್ಲ. ಮೊದಲ ವಾರ ತಮ್ಮ ನನ್ನ ಕೆಲಸದಲ್ಲಿ ಒಂದೂ ಸುತ್ತು ಹಾಕಲಿಲ್ಲ. ನಾನು ಬೇಕೆಂದೇ, ನಟ್ ಸಡಿಲವಾಗದಂತೆ ತಡೆಯುವ ಕಾಟರ್ ಪಿನ್ ಒಂದನ್ನು ಹಾಕದೆ ಬಿಟ್ಟೆ. ಅದೂ ಅವನ ಕಣ್ಣಿಗೆ ಬೀಳಲಿಲ್ಲ. ಅದನ್ನು ತೋರಿಸಿದ ದಿನದಿಂದ ಅವನು ನಿಜವಾಗಿ ನೋಡತೊಡಗಿದ.

ರೈಟ್ ಸಹೋದರರು ಗಂಟೆಗಟ್ಟಲೆ ವಾದಿಸುತ್ತಿದ್ದರು, ಕೊನೆಗೆ ಒಬ್ಬರ ವಾದವನ್ನು ಇನ್ನೊಬ್ಬರು ಒಪ್ಪಿಕೊಂಡು ಪಕ್ಷ ಬದಲಾಯಿಸಿ ಮತ್ತೆ ವಾದಕ್ಕೆ ನಿಲ್ಲುತ್ತಿದ್ದರು ಎಂಬುದು ಪ್ರಸಿದ್ಧ ಸಂಗತಿ. ಮನೆಯವರು ಕೂಡಿ ಕಟ್ಟಿದರೆ ಜಗಳವಾಗಬಾರದು ಎಂದಲ್ಲ, ಜಗಳ ವಿಮಾನದ ಬಗ್ಗೆ ಇರಲಿ.

ತಗಡುಹಕ್ಕಿ

ಇಷ್ಟೆಲ್ಲ ಬರೆದದ್ದಕ್ಕೆ ನಿಮಗೆಲ್ಲರಿಗೂ ಕೃತಜ್ಞತೆಗಳು. ಅರ್ಧರೆಕ್ಕೆಯವರ ಪತ್ರವನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಉದ್ದ ಗೆರೆಯ ದಪ್ಪ ನೋಟ್‌ಪುಸ್ತಕವೊಂದನ್ನು ತೆಗೆದು, ಮೊದಲ ಪುಟದಲ್ಲಿ ತಮ್ಮ ಹಳೆಯ ಕಾರ್ಖಾನೆಯ ಜಾಬ್ ಕಾರ್ಡಿನಂತೆ ಕಾಲಂಗಳನ್ನು ಎಳೆದರು: ದಿನಾಂಕ, ಭಾಗ, ಮಾಡಿದವರು, ನೋಡಿದವರು. ಮುಖ್ಯ ನಿರ್ಮಾತೃ ಎಂಬಲ್ಲಿ ನನ್ನ ಹೆಸರು ಬರೆದಿದ್ದಾರೆ, ನಾನು ಕೇಳಿರಲಿಲ್ಲ.

ಒಂದು ಪ್ರಶ್ನೆ ಬಹಳ ದೂರದ್ದು, ಆದರೂ ಈಗಲೇ ಕೇಳುತ್ತೇನೆ. ಮೊದಲ ಹಾರಾಟದಲ್ಲಿ ಪಕ್ಕದ ಆಸನದಲ್ಲಿ ತಾವೇ ಕೂರುತ್ತೇನೆಂದು ಅಪ್ಪ ಈಗಿನಿಂದಲೇ ಹೇಳುತ್ತಿದ್ದಾರೆ.

ನೇರಗೆರೆ

ಇಲ್ಲ. ಈ ಒಂದು ವಿಷಯದಲ್ಲಿ ನಾನು ಸುತ್ತಿಬಳಸಿ ಬರೆಯಲಾರೆ. ಅಮೆರಿಕದಲ್ಲಿ ಇಂಥ ವಿಮಾನಗಳಿಗೆ ಮೊದಲ ಹಂತದ ಪರೀಕ್ಷಾ ಹಾರಾಟ ಸಾಮಾನ್ಯವಾಗಿ 40 ಗಂಟೆ, ಪ್ರಮಾಣೀಕೃತ ಎಂಜಿನ್ ಮತ್ತು ಪ್ರೊಪೆಲರಿನ ಜೋಡಿ ಇದ್ದರೆ 25 ಗಂಟೆ. ಆ ಅವಧಿಯಲ್ಲಿ ಪ್ರಯಾಣಿಕರನ್ನು ಕೂರಿಸುವಂತಿಲ್ಲ. ನಿಮ್ಮಲ್ಲಿ ನಿಯಮ ಬೇರೆಯಿದ್ದರೂ ಅದರ ಹಿಂದಿನ ಕಾರಣ ಎಲ್ಲೆಡೆಯೂ ಒಂದೇ. ಅಲ್ಲಿನ ಸಾರಿಗೆ ಸುರಕ್ಷಾ ಮಂಡಳಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮನೆಗಟ್ಟಿನ ವಿಮಾನಗಳ ಅಪಘಾತಗಳಿಗೆ ಎಂಜಿನ್ನಿನ ಶಕ್ತಿ ಕೈಕೊಡುವುದು ಮತ್ತು ಹತೋಟಿ ತಪ್ಪುವುದು ಮುಖ್ಯ ಕಾರಣಗಳೆಂದು ಕಂಡುಬಂತು. ವಿಮಾನ ಹೊಸದಾಗಿರುವ ಮೊದಲ ಕೆಲವು ಹಾರಾಟಗಳಲ್ಲೇ ಅಪಾಯ ಹೆಚ್ಚು.

ಈ ಎರಡಕ್ಕೂ ನೆಲದ ಮೇಲೆಯೇ ಮಾಡಬಹುದಾದದ್ದು ಬಹಳವಿದೆ, ಅದರಲ್ಲಿ ನಿಮ್ಮ ತಂದೆಯವರಂಥವರ ಕೈ ಚಿನ್ನ. ಅತಿ ಕಡಿದಾಗಿ ಏರುವ ಭಂಗಿಯಲ್ಲಿ ಮೂಗೆತ್ತಿ ನಿಲ್ಲಿಸಿ, ಎಂಜಿನ್ ಪೂರ್ತಿ ಶಕ್ತಿಯಲ್ಲಿ ಕುಡಿಯುವ ಇಂಧನದ 125 ಶೇಕಡಾದಷ್ಟು, ಪಂಪಿಲ್ಲದೆ ಗುರುತ್ವದಿಂದಲೇ ಹರಿಯುವ ವ್ಯವಸ್ಥೆಯಾದರೆ 150 ಶೇಕಡಾದಷ್ಟು, ಕೊಳವೆಯ ತುದಿಯಲ್ಲಿ ಬರುತ್ತಿದೆಯೇ ಎಂದು ಪಾತ್ರೆ ಮತ್ತು ಗಡಿಯಾರ ಹಿಡಿದು ಅಳೆಯಬೇಕು. ನಿಯಂತ್ರಣದ ಕೋಲನ್ನು ಎಡಕ್ಕೆ ಒತ್ತಿದಾಗ ಎಡ ಐಲೆರಾನ್ ಮೇಲೇಳುತ್ತದೆಯೇ ಎಂಬುದನ್ನು, ಒಳಗೆ ಕೂತವರಲ್ಲ, ಹೊರಗೆ ನಿಂತವರು ನೋಡಿ ಕೂಗಿ ಹೇಳಬೇಕು. ತಿರುವುಮುರುವಾಗಿ ಜೋಡಿಸಿಕೊಂಡು ಹಾರಲು ಹೊರಟವರು ನೀವೆಣಿಸಿದಷ್ಟು ಅಪರೂಪವಲ್ಲ. ಇನ್ನು ಹತೋಟಿಯ ವಿಷಯ ನಿಮ್ಮದು: ಮೊದಲ ಹಾರಾಟಕ್ಕೆ ಮುನ್ನ ಇದೇ ಮಾದರಿಯ, ಈಗಾಗಲೇ ಹಾರುತ್ತಿರುವ ವಿಮಾನದಲ್ಲಿ ಬೋಧಕರೊಡನೆ ತರಬೇತಿ ಪಡೆಯಿರಿ. ಆಗ ನಿಮ್ಮ 140 ಗಂಟೆ ಸಾಲದೆಂದು ಬೋಧಕರು ಹೇಳಿದರೆ ಮೊದಲ ಹಾರಾಟವನ್ನು ಬೇರೆಯವರಿಗೆ ಬಿಡಿ.

ರೈಟ್ ಸಹೋದರರು 1903ರ ಡಿಸೆಂಬರ್ 14ರಂದು ನಾಣ್ಯ ಚಿಮ್ಮಿ ಯಾರು ಮೊದಲೆಂದು ನಿರ್ಧರಿಸಿದರು. ಗೆದ್ದ ವಿಲ್ಬರ್ ವಿಮಾನವನ್ನು ಕೆಡವಿದರು, ರಿಪೇರಿಯಾದ ಮೇಲೆ 17ರಂದು 12 ಸೆಕೆಂಡು ಹಾರಿದ್ದು ಆರ್ವಿಲ್. ನಾಣ್ಯ ಚಿಮ್ಮುವ ಕಾಲ ಮುಗಿದಿದೆ. ಆದರೆ ಅವರ ಮನೆಯ ಇನ್ನೊಂದು ಕಟ್ಟಳೆ ಇವತ್ತಿಗೂ ಸಲ್ಲುತ್ತದೆ: ಇಬ್ಬರೂ ಒಂದೇ ವಿಮಾನದಲ್ಲಿ ಹಾರುವುದಿಲ್ಲವೆಂದು ತಂದೆಗೆ ಮಾತು ಕೊಟ್ಟಿದ್ದರು. 1910ರ ಮೇ 25ರಂದು, ಒಮ್ಮೆ ಮಾತ್ರ, ತಂದೆಯ ಒಪ್ಪಿಗೆ ಪಡೆದು ಒಟ್ಟಿಗೆ ಹಾರಿದರು. ಅದೇ ದಿನ 81ರ ವಯಸ್ಸಿನ ತಂದೆ ಮಿಲ್ಟನ್ ರೈಟ್ ಕೂಡ ಆರ್ವಿಲ್ ಜೊತೆ ಮೇಲೆ ಹೋಗಿ ಬಂದರು. ನಿಮ್ಮ ತಂದೆಯವರಿಗೆ ಇದನ್ನು ಓದಿ ಹೇಳಿ. ಅವರ ಸರದಿ 41ನೆಯ ಗಂಟೆಗೆ.

ಎರಡುಕೈಚೀಲ

ನನ್ನ ಪತಿಯೂ ಇದೇ ಹಟ ಹಿಡಿದಿದ್ದರು. ಅಗ್ನಿಶಾಮಕ ಮತ್ತು ರೇಡಿಯೊ ಹಿಡಿದು ರನ್‌ವೇ ಪಕ್ಕದಲ್ಲಿ ನಿಲ್ಲಬೇಕಾದವರು ಈ ವಿಮಾನದ ಪ್ರತಿ ಲ್ಯಾಚ್ ಎಲ್ಲಿದೆ, ಕ್ಯಾನೋಪಿಯನ್ನು (ಆಸನಗಳ ಮೇಲಿನ ಪಾರದರ್ಶಕ ಮುಚ್ಚಳವನ್ನು) ಹೊರಗಿನಿಂದ ಹೇಗೆ ತೆರೆಯಬೇಕು ಎಂದು ಕತ್ತಲಲ್ಲೂ ಬಲ್ಲವರಾಗಿರಬೇಕು, ಅಂಥವರು ಲೋಕದಲ್ಲಿ ಒಬ್ಬರೇ ಇರುವುದು ಎಂದೆ. ಒಪ್ಪಿದರು.

ತಗಡುಹಕ್ಕಿ

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಸ್ಪಾರಿನ ಗೀರಿನ ಫೋಟೋ ನೋಡಿ, ಉಜ್ಜಿ ನಯಗೊಳಿಸಿದರೆ ಸಾಕೆಂದು ಕಿಟ್ ತಯಾರಕರಿಂದ ಉತ್ತರ ಬಂದಿದೆ. ಉಜ್ಜಿದ್ದು ಅಪ್ಪ, ಉಗುರಾಡಿಸಿ ನೋಡಿದ್ದು ನಾನು. ಗೀರುಕಡ್ಡಿ ಮನೆಯೊಳಗಿನ ಪೆಟ್ಟಿಗೆ ಸೇರಿದೆ. 41ನೆಯ ಗಂಟೆಯ ಮಾತಿಗೆ ಅಪ್ಪ ಹೌದೆಂದೂ ಹೇಳಿಲ್ಲ, ಅಲ್ಲವೆಂದೂ ಹೇಳಿಲ್ಲ. ಆದರೆ ವಿಮಾನಕ್ಕೆ ಎಂಥ ಅಗ್ನಿಶಾಮಕ ಸರಿ ಎಂದು ನಿನ್ನೆ ಕೇಳಿದರು.

ಮೊನ್ನೆ ಹಾರಿಜ಼ಾಂಟಲ್ ಸ್ಟೆಬಿಲೈಜ಼ರಿನ (ಬಾಲದ ಅಡ್ಡರೆಕ್ಕೆಯ) ಎಡಭಾಗದ ಹೊದಿಕೆಯನ್ನು ನಾನು ಗನ್ ಹಿಡಿದು, ಅವರು ಬಾರ್ ಹಿಡಿದು ಹೊಡೆದೆವು. ಇಬ್ಬರೂ ಮಾಡಿದ ಕೆಲಸಕ್ಕೆ ನೋಡುವವರು ಯಾರು ಎಂಬ ಪ್ರಶ್ನೆ ಬಂತು. ಗನ್ನಿನ ಕಡೆಯ ತಲೆಗಳನ್ನು ಅವರು, ಬಾರಿನ ಕಡೆಯವನ್ನು ನಾನು ನೋಡುವುದೆಂದು ತೀರ್ಮಾನಿಸಿದೆವು. ಬೆಳಗ್ಗೆ ನಾನು ಏಳುವ ಮೊದಲೇ ಅವರು ಗ್ಯಾರೇಜಿಗೆ ಹೋಗಿ ಬಂದಿದ್ದರು. ನಾನು ಹೊಡೆದ ಸಾಲಿನಲ್ಲಿ ಎರಡು ಸುತ್ತುಗಳಿದ್ದವು. ಪುಸ್ತಕದಲ್ಲಿ ಎರಡರ ಮುಂದೆಯೂ ಅವರ ಅಕ್ಷರದಲ್ಲಿ "ಗನ್ ಓರೆಯಾಗಿದೆ, ತಲೆ ಒಂದು ಬದಿಗೆ ಎದ್ದಿದೆ" ಎಂದಿತ್ತು. ನಾನು ಅವರ ಕಡೆಯಲ್ಲಿ ಒಂದಕ್ಕೆ ಸುತ್ತು ಹಾಕಿ, ಎತ್ತರ ಸಾಲದು ಎಂದು ಬರೆದೆ. ಬರೆಯುವಾಗ ಕೈ ಸ್ವಲ್ಪ ತಡೆದದ್ದು ನಿಜ.

ನನ್ನ ಎರಡರಲ್ಲಿ ಒಂದು ಮತ್ತೆ ಎರಡು ಏಟು ಕೊಟ್ಟಾಗ ಕೂತಿತು. ಇನ್ನೊಂದನ್ನು ಮತ್ತು ಅಪ್ಪನದನ್ನು ಕೊರೆದು ತೆಗೆಯಬೇಕಾಗಿದೆ. ರಂಧ್ರ 40ನೆಯ ನಂಬರಿನ ಬಿಟ್ಟಿನದು. ಕೊರೆಯಲಿಕ್ಕೂ ಅದೇ ಬಿಟ್ ಸಾಕೇ?

ಹಳೆಸುತ್ತಿಗೆ

41 ಬಳಸಿ, ಅದು ಒಂದು ಎಳೆ ಚಿಕ್ಕದು, ರಂಧ್ರದ ಗೋಡೆಗೆ ತಾಗುವ ಭಯ ಕಡಿಮೆ. ತಲೆಯ ನಡುವಿಗೆ ಸೂಕ್ಷ್ಮವಾಗಿ ಪಂಚ್ ಮಾಡಿಕೊಂಡು, ತಲೆಯ ದಪ್ಪದಷ್ಟು ಮಾತ್ರ ಕೊರೆಯಿರಿ, ತಗಡಿನವರೆಗೆ ಹೋಗಬೇಡಿ. ಆಮೇಲೆ ಆ ಕುಳಿಯಲ್ಲಿ ಪಿನ್ ಪಂಚ್ ಇಟ್ಟು ಪಕ್ಕಕ್ಕೆ ಅಲುಗಿಸಿದರೆ ತಲೆ ತಾನೇ ಮುರಿದು ಬರುತ್ತದೆ. ಉಳಿದ ಕಾಂಡವನ್ನು ಹಿಂದಕ್ಕೆ ತಟ್ಟುವಾಗ ಒಳಗಿನ ರಿಬ್ಬಿಗೆ ಹಿಂದಿನಿಂದ ಆಸರೆ ಕೊಡಲೇಬೇಕು, ಇಲ್ಲದಿದ್ದರೆ ಅದು ಬಾಗುತ್ತದೆ. ಇದಕ್ಕೂ ಇಬ್ಬರು ಬೇಕು. ಕೊರೆಯುವುದನ್ನು ತಂದೆಯವರಿಗೆ ಬಿಡಿ, ಎರಡನ್ನೂ.